ನಡೆದರೆ ಎಷ್ಟು ಹೊತ್ತು

ನನ್ನ ಮಗಳು ಫೋನಿನಲ್ಲಿ ಕೊಡುವ ಉತ್ತರಗಳನ್ನೆಲ್ಲ ಒಟ್ಟು ಹಾಕಿದರೂ ಒಂದು ವಾಕ್ಯ ಆಗುವುದಿಲ್ಲ. ಊಟ ಆಯ್ತಾ ಅಂದರೆ ಆಯ್ತು. ಕೆಲಸ ಹೇಗಿದೆ ಅಂದರೆ ಇದೆ. ಮತ್ತೆ ಅಂದರೆ ಮತ್ತೇನಿಲ್ಲ. ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ, ಅವಳು ಎತ್ತುತ್ತಾಳೆ, ಸ್ವಲ್ಪ ಹೊತ್ತು ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತೇವೆ, ಆಮೇಲೆ ಇಡುತ್ತೇವೆ. ಜಗಳ ಆಗಿದ್ದರೆ ರಾಜಿಯನ್ನಾದರೂ ಮಾಡಿಕೊಳ್ಳಬಹುದಿತ್ತು. ಜಗಳವೇ ಆಗಿಲ್ಲವಲ್ಲ, ಯಾವುದನ್ನು ಸರಿಪಡಿಸುವುದು?

ಚಿಕ್ಕವಳಿದ್ದಾಗ ಇವಳಿಗೆ ಜೀರುಂಡೆ ಅಂತಲೇ ಹೆಸರು. ಬಸ್ ಡಿಪೋದವರು ಇಟ್ಟಿದ್ದು. ನಾನು ಆ ಡಿಪೋದ ಸರ್ವರ್ ನೋಡಿಕೊಳ್ಳುವವಳು. ಸರ್ವರ್ ಕೋಣೆ ಹಿಂದೆ ಟೈರು ಇಡುವ ಉಗ್ರಾಣವಾಗಿತ್ತು, ಬಿಸಿಲು ಏರಿದರೆ ಇವತ್ತಿಗೂ ಗೋಡೆಯಿಂದ ರಬ್ಬರ್ ವಾಸನೆ ಹೊರಡುತ್ತದೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಅವಳು ಸೀದಾ ಅಲ್ಲಿಗೇ ಬರುತ್ತಿದ್ದಳು. ಒಂದು ಮರದ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತರೆ ಮುಗಿಯಿತು, ಫ್ಯಾನುಗಳ ಸದ್ದನ್ನೂ ಮೀರಿಸಿ ಮಾತು. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಬಾಕಿ ಇತ್ತು. ಈಗ ಆ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇದೆ, ಅದೂ ನನಗೆ ಸಾಕಾಗಿದೆ.

ಊರಿನ ಬಸ್ ನಿಲ್ದಾಣಗಳಲ್ಲಿ ಮುಂದಿನ ಬಸ್ ಎಷ್ಟು ಹೊತ್ತಿಗೆ ಎಂದು ತೋರಿಸುವ ಬೋರ್ಡುಗಳಿವೆ. ಅವನ್ನೆಲ್ಲ ನಡೆಸುವುದು ನನ್ನ ಸರ್ವರ್. ಮೊದಲು ಕೊನೆಯ ಬಸ್ ಹೊರಟುಹೋದರೆ ಬೋರ್ಡು ಸುಮ್ಮನೆ ಕಪ್ಪಾಗುತ್ತಿತ್ತು. ನಮ್ಮ ಡಿಪೋದಂಥ ಮೂಲೆಯ ಮಾರ್ಗಗಳಲ್ಲಿ ಸಂಜೆ ಏಳಕ್ಕೇ ಕೊನೆಯ ಬಸ್ಸು. ಗೊತ್ತಿಲ್ಲದವರು ಕಪ್ಪು ಬೋರ್ಡಿನ ಕೆಳಗೆ ನಿಂತೇ ಇರುತ್ತಿದ್ದರು. ಜೀರುಂಡೆಗೆ ಇದು ತಡೆಯಲಿಲ್ಲ.

“ಬಸ್ ಹೋಯ್ತು ಅಂತಾದ್ರೂ ಹೇಳ್ಬೇಕಲ್ವಾ ಅಮ್ಮ? ಪಾಪ, ಕತ್ತು ನೋಯಿಸ್ಕೊಂಡು ನಿಂತಿರ್ತಾರೆ.”

ಹದಿನೈದರ ವಯಸ್ಸಿನಲ್ಲಿ ಆ ಪೆಟ್ಟಿಗೆಯ ಮೇಲೆ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಕೊನೆಯ ಬಸ್ ಹೋದ ಮೇಲೆ, ಇನ್ನೂ ಬಸ್ ಸಿಗುವ ಹತ್ತಿರದ ನಿಲ್ದಾಣ ಯಾವುದು, ಅಲ್ಲಿಗೆ ನಡೆದರೆ ಎಷ್ಟು ಹೊತ್ತು ಎಂದು ಬೋರ್ಡು ಹೇಳುತ್ತಿತ್ತು. ಅಷ್ಟೇ. ನನ್ನ ಎದೆ ಉಬ್ಬಿತು, ಆದರೆ ತೋರಿಸಿಕೊಳ್ಳಲಿಲ್ಲ. ಮಾಡುವುದಾದರೆ ಸರಿಯಾಗಿ ಮಾಡು, ಪ್ಯಾಕೇಜ್ ಮಾಡು ಎಂದೆ. ಪ್ಯಾಕೇಜ್ ಎಂದರೆ ಪ್ರೋಗ್ರಾಮನ್ನು ಗಂಟು ಕಟ್ಟಿ, ಇದು ಓಡಲು ಬೇರೆ ಯಾವ ಯಾವ ಪ್ಯಾಕೇಜುಗಳು ಬೇಕು, ಅವುಗಳ ಎಷ್ಟನೆಯ ಆವೃತ್ತಿ ಬೇಕು ಎಂದು ಮೇಲೆ ಬರೆದಿಡುವುದು. ಅವಳು ಒಂದು ಸಹಾಯಕ ಪ್ಯಾಕೇಜಿನ ಹೆಸರು ಬರೆದು, ಇದಕ್ಕಿಂತ ಹೊಸದು ಬೇಡ ಎಂದೂ ಕಡ್ಡಿ ಮುರಿದ ಹಾಗೆ ಬರೆದಳು. ಕಣ್ಣಲ್ಲಿ ಕಾಣದ್ದಕ್ಕೆ ಜಾಮೀನು ನಿಲ್ಲಬೇಡ ಎಂದು ಕಲಿಸಿದವಳು ನಾನೇ. ಕೊನೆಗೆ, ಇದನ್ನು ನೋಡಿಕೊಳ್ಳುವವರು ಯಾರು ಎಂಬಲ್ಲಿ ತನ್ನ ಹೆಸರು, ತನ್ನ ಇಮೇಲ್ ಹಾಕಿದಳು.

“ಹಾಳಾದ್ರೆ ದೂರು ನಂಗೇ ಬರುತ್ತಾ?”

“ನಿಂಗೇ. ಇನ್ಯಾರಿಗೆ?”

ಒಂದು ವಾರ ನೆಲದ ಮೇಲೆ ಕಾಲಿಡಲಿಲ್ಲ ಅವಳು.

ಆಮೇಲೆ ನಾನು, ಅವಳಪ್ಪ ಬೇರೆಯಾದೆವು. ಹಾರಾಡಿ ಕೂಗಾಡಿ ಆದದ್ದಲ್ಲ, ಇಬ್ಬರಿಗೂ ಸಾಕಾಗಿತ್ತು. ಅವರಿಗೆ ಇನ್ನೊಂದು ಊರಿಗೆ ವರ್ಗವಾಯಿತು, ರೈಲಿನಲ್ಲಿ ಪೂರ್ತಿ ಒಂದು ಹಗಲಿನ ದಾರಿ. ಅವಳಿಗೆ ಬೇಕಾದ ಕಾಲೇಜು ಆ ಊರಲ್ಲೇ ಇತ್ತು, ಅಪ್ಪನ ಜೊತೆ ಹೋದಳು. ಹೋಗು ಎಂದು ನಾನೇ ಬಟ್ಟೆ ಮಡಿಚಿಕೊಟ್ಟೆ. ಮೊದಮೊದಲು ದಿನಾ ಫೋನು, ಆಮೇಲೆ ಎರಡು ದಿನಕ್ಕೊಮ್ಮೆ, ಆಮೇಲೆ ಭಾನುವಾರ. ಕಂಪ್ಯೂಟರ್ ಓದನ್ನು ಅರ್ಧಕ್ಕೆ ಬಿಟ್ಟು ಪೀಠೋಪಕರಣ ಮಾಡುವ ಮರಗೆಲಸದ ಶೆಡ್ ಸೇರಿದಳಂತೆ. ‘ಅಂತೆ’ ಯಾಕೆಂದರೆ ಅದು ನನಗೆ ಅವಳಪ್ಪನಿಂದ ಗೊತ್ತಾಯಿತು. ಓದು ಬಿಟ್ಟದ್ದು ನನಗೆ ಅಷ್ಟೇನೂ ಅನ್ನಿಸಲಿಲ್ಲ. ಅವಳ ಬಾಯಿಂದ ಬರಲಿಲ್ಲವಲ್ಲ ಎಂಬುದು ಮಾತ್ರ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಮ್ಯಾನೇಜರು ಸರ್ವರನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸನ್ನು ಅಪ್‌ಗ್ರೇಡ್ ಮಾಡಲೇಬೇಕೆಂದು ಪಟ್ಟು ಹಿಡಿದರು. ತಪ್ಪೇನಿಲ್ಲ, ನಮ್ಮದು ಅಜ್ಜನ ಕಾಲದ್ದು, ಅದಕ್ಕೆ ಇನ್ನು ಮೇಲೆ ಭದ್ರತೆಯ ತೇಪೆಗಳು ಬರುವುದಿಲ್ಲ. ಸರ್ವರಿನ ತದ್ರೂಪೊಂದನ್ನು ಪಕ್ಕದ ಮಷೀನಿನಲ್ಲಿ ಎಬ್ಬಿಸಿ ಅದರ ಮೇಲೆ ಮೊದಲು ಮಾಡಿ ನೋಡಿದೆ. ಹೊಸದಾಗಿ ಬರುವ ಪ್ಯಾಕೇಜುಗಳ ಸಾಲು ಪರದೆ ತುಂಬಿ ಹರಿಯಿತು. ಅದರ ಕೆಳಗೆ, ತೆಗೆದುಹಾಕಲಾಗುವವು ಎಂಬಲ್ಲಿ, ಒಂದೇ ಒಂದು ಹೆಸರು. ಮಗಳ ಪ್ಯಾಕೇಜಿನದು.

ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಹೊಸ ಲಿನಕ್ಸಿನಲ್ಲಿ ಎಲ್ಲರಿಗೂ ಆ ಸಹಾಯಕ ಪ್ಯಾಕೇಜಿನ ಹೊಸ ಆವೃತ್ತಿ ಬೇಕು. ನನ್ನ ಮಗಳದ್ದಕ್ಕೆ ಮಾತ್ರ ಹಳೆಯದೇ ಆಗಬೇಕು, ಹೊಸದನ್ನು ಹೊಸ್ತಿಲ ಒಳಗೂ ಬಿಟ್ಟುಕೊಳ್ಳುವುದಿಲ್ಲ. ಎರಡೂ ಆವೃತ್ತಿ ಒಟ್ಟಿಗೆ ಒಂದೇ ಮಷೀನಿನಲ್ಲಿ ಇರುವಂತಿಲ್ಲ. ಅದಕ್ಕೇ ಕಂಪ್ಯೂಟರು ಹತ್ತು ಜನರ ಸುಖಕ್ಕೆ ಒಬ್ಬಳನ್ನು ಮನೆಯಿಂದ ಹೊರಗೆ ಹಾಕುವ ತೀರ್ಮಾನ ಮಾಡಿತ್ತು. ಆಗಲಿ ನೋಡೇಬಿಡೋಣ ಎಂದು ಅವಳ ಪ್ಯಾಕೇಜನ್ನು ಅಲ್ಲಾಡದಂತೆ ಹಿಡಿದಿಡು ಎಂದು ಆಜ್ಞೆ ಕೊಟ್ಟೆ. ಆಗ ಅಪ್‌ಗ್ರೇಡೇ ಸಿಕ್ಕಿಹಾಕಿಕೊಂಡಿತು. ಇದಕ್ಕೆ ಅದು ಬೇಕು, ಅದಕ್ಕೆ ಇನ್ನೊಂದು ಬೇಕು, ಅದು ಬರುವಂತಿಲ್ಲ. ಕೊನೆಗೆ ಇಂಥ ಹೊತ್ತಿನಲ್ಲಿ ಅದು ಯಾವಾಗಲೂ ಹೇಳುವ ಮಾತನ್ನೇ ಹೇಳಿತು: ಮುರಿದ ಪ್ಯಾಕೇಜುಗಳನ್ನು ನೀವು ಹಿಡಿದಿಟ್ಟುಕೊಂಡಿದ್ದೀರಿ.

“ಹೌದಪ್ಪಾ, ಹಿಡಿದಿಟ್ಕೊಂಡಿದೀನಿ. ನಿಂಗೇನು ಕಷ್ಟ?” ಎಂದೆ.

“ಯಾರಿಗೆ ಬೈತಿದೀರಾ ಮೇಡಂ?” ಎನ್ನುತ್ತ ವೈರ್‌ಮನ್ ಒಳಗೆ ಬಂದ. ಬೋರ್ಡುಗಳ ವೈರು, ದೀಪ ನೋಡಿಕೊಳ್ಳುವವನು ಅವನು, ನನ್ನ ವಾರಿಗೆಯವನು. ಜೀರುಂಡೆ ಎಂದು ಹೆಸರಿಟ್ಟದ್ದೂ ಅವನೇ. ವಿಷಯ ಹೇಳಿದೆ.

“ನಿಮ್ಗೆ ರಿಪೇರಿ ಮಾಡೋಕೆ ಬರಲ್ವಾ?”

“ಬರುತ್ತೆ. ಒಂದು ಮಧ್ಯಾಹ್ನದ ಕೆಲಸ.”

“ಮತ್ತೆ ಮಾಡಿ.”

“ಹಾಗೆಲ್ಲ ಇನ್ನೊಬ್ಬರ ಪ್ಯಾಕೇಜಿಗೆ ಕೈ ಹಾಕಬಾರದು. ಮೊದಲು ಮಾಡಿದವರಿಗೆ ಇಂಥಲ್ಲಿ ತಪ್ಪಿದೆ ಅಂತ ಬಗ್ ರಿಪೋರ್ಟ್ ಬರೀಬೇಕು. ನಮ್ಮಲ್ಲಿ ಅದೇ ಪದ್ಧತಿ.”

ವೈರ್‌ಮನ್ ನನ್ನ ಮುಖವನ್ನೇ ನೋಡಿದ. “ಫೋನ್ ಇಲ್ವಾ ನಿಮ್ಮತ್ರ?”

ಅವನಿಗೇನು ಗೊತ್ತು. ಫೋನಿನಲ್ಲಿ ಕೇಳಿದರೆ ‘ನೋಡ್ತೀನಿ’ ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಇಷ್ಟು ವರ್ಷದ ಕೆಲಸದಲ್ಲಿ ಆ ಪದ್ಧತಿ ನನಗೆ ಮೊದಲ ಸಲ ಹಿತವಾಗಿ ಕಂಡಿತು. ಮಾನ್ಯರೇ ಎಂದು ಶುರು ಮಾಡಿದೆ. ತಮ್ಮ ಪ್ಯಾಕೇಜು ಹೊಸ ಲಿನಕ್ಸಿನಲ್ಲಿ ಅನುಸ್ಥಾಪನೆ ಆಗುತ್ತಿಲ್ಲ, ತಾವು ದಯವಿಟ್ಟು ಪರಿಶೀಲಿಸಬೇಕು. ಕೆಳಗೆ ನನ್ನ ಹೆಸರಿಲ್ಲ, ‘ಸರ್ವರ್ ಉಸ್ತುವಾರಿ, ಬಸ್ ಡಿಪೋ’ ಎಂದು ಹಾಕಿದೆ. ಡಿಪೋದಲ್ಲಿ ಇನ್ನೊಬ್ಬ ಸರ್ವರ್ ಉಸ್ತುವಾರಿ ಇಲ್ಲವೆಂದು ಅವಳಿಗೂ ಗೊತ್ತು.

ಮಾರನೆಯ ಸಂಜೆ ಉತ್ತರ ಬಂತು. ಒಂದು ಪದವಲ್ಲ, ಪರದೆ ಉರುಳಿಸಿ ಓದುವಷ್ಟು ಉದ್ದ. ‘ನಿಮ್ಮ ವರದಿ ಅಪೂರ್ಣವಾಗಿದೆ. ಯಾವ ಆವೃತ್ತಿಯಿಂದ ಯಾವುದಕ್ಕೆ ಹೋಗುತ್ತಿದ್ದೀರಿ ಎಂದು ಬರೆದಿಲ್ಲ. ಪರದೆಯ ಮೇಲೆ ಬಂದದ್ದನ್ನು ಪೂರ್ತಿ ಕಳಿಸಿ, ನಿಮಗೆ ಮುಖ್ಯ ಅನ್ನಿಸಿದ್ದನ್ನು ಮಾತ್ರ ಅಲ್ಲ. ಇಷ್ಟು ವರ್ಷದ ಅನುಭವ ಇರುವವರಿಗೆ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ. ಹಗಲು ನನ್ನ ಕೈಯಲ್ಲಿ ಅಂಟು ಇರುತ್ತದೆ, ಸಂಜೆ ಅಂಟು ಒಣಗಲು ಬಿಟ್ಟಾಗ ನೋಡುತ್ತೇನೆ.’

ನನ್ನನ್ನು ‘ನೀವು’ ಅಂದಿದ್ದಳು. ಚುರುಕ್ ಎಂದಿತು. ಆದರೂ ಆ ಸಂಜೆ ಅದನ್ನು ಎಷ್ಟು ಸಲ ಓದಿದೆನೋ. ಎಷ್ಟು ಖಾರ, ಎಷ್ಟು ಜೀವ! ನನ್ನ ಹುಡುಗಿ ಎಲ್ಲೂ ಹೋಗಿರಲಿಲ್ಲ, ಊಟ ಆಯ್ತಾ ಎನ್ನುವ ಪ್ರಶ್ನೆಯಿಂದ ಮಾತ್ರ ಓಡಿಹೋಗಿದ್ದಳು.

ಅಲ್ಲಿಂದ ದಿನಾ ನಡೆಯಿತು. ನಾನು ಕೇಳಿದ್ದೆಲ್ಲ ಕಳಿಸಿದೆ. ಆವೃತ್ತಿಯ ಕಟ್ಟುಪಾಡನ್ನು ಸಡಿಲಿಸಿದರಷ್ಟೇ ಸಾಲದು, ಹೊಸ ಸಹಾಯಕ ಪ್ಯಾಕೇಜಿನಲ್ಲಿ ಸಮಯ ಲೆಕ್ಕ ಹಾಕುವ ರೀತಿ ಬದಲಾಗಿದೆ, ಅಲ್ಲೂ ತಿದ್ದಬೇಕು ಎಂದು ಅವಳು ಬರೆದಳು. ಅದು ನನಗೆ ಗೊತ್ತಿತ್ತು. ‘ಹೌದೇ?’ ಎಂದು ಬರೆದೆ. ವಿವರಿಸಿದಳು. ನಡುನಡುವೆ ಒಂದೊಂದು ಸಾಲು ತಾನಾಗಿ ಜಾರಿ ಬೀಳುತ್ತಿತ್ತು. ಈಗ ಅಪ್ಪನ ಮನೆಯಲ್ಲಿಲ್ಲ, ಶೆಡ್ಡಿನ ಹತ್ತಿರವೇ ಒಂದು ಕೋಣೆ ಹಿಡಿದಿದ್ದೇನೆ, ಇಂಟರ್ನೆಟ್ ಹೋಗಿ ಬಂದು ಮಾಡುತ್ತದೆ, ತಡವಾದರೆ ಕ್ಷಮಿಸಿ. ನಾನು ‘ಕೋಣೆಗೆ ಕಿಟಕಿ ಇದೆಯೇ?’ ಎಂದು ಬರೆದು, ಬಗ್ ರಿಪೋರ್ಟಿನಲ್ಲಿ ಕಿಟಕಿಗೆ ಏನು ಕೆಲಸ ಎಂದು ಅಳಿಸಿದೆ.

ನಾಲ್ಕೈದು ದಿನದಲ್ಲಿ ಹೊಸ ಪ್ಯಾಕೇಜ್ ಕಳಿಸಿದಳು. ತದ್ರೂಪಿನ ಮೇಲೆ ಹಾಕಿ ಅಪ್‌ಗ್ರೇಡ್ ಓಡಿಸಿದೆ. ತೆಗೆದುಹಾಕಲಾಗುವವು ಎಂಬಲ್ಲಿ ಸೊನ್ನೆ. ಯಾರಿಗೆ ಏನು ಬೇಕೋ ಅದು ಸಿಕ್ಕಿ, ಎಲ್ಲರೂ ತೆಪ್ಪಗಿದ್ದರು. ಎಷ್ಟು ಅಚ್ಚುಕಟ್ಟು ಕೆಲಸ ಎಂದರೆ ನನಗೇ ಹೊಟ್ಟೆಕಿಚ್ಚಾಯಿತು.

ಇನ್ನು ಉಳಿದದ್ದು ‘ಸರಿಹೋಯಿತು, ಧನ್ಯವಾದ’ ಎಂದು ಬರೆದು ಆ ಬಗ್ ಕ್ಲೋಸ್ ಮಾಡುವುದು. ಬರೆದೆ. ಅಳಿಸಿದೆ. ಇದನ್ನು ಮುಚ್ಚಿದರೆ ಭಾನುವಾರದ ಆಯ್ತು, ಇದೆ, ಮತ್ತೇನಿಲ್ಲಕ್ಕೆ ಮರಳಬೇಕು. ನನಗೆ ಅದು ಬೇಡವಾಗಿತ್ತು. ನನಗೆ ಅವಳು ಬೇಕಾಗಿದ್ದಳು. ಅದಕ್ಕೆ ಕಣ್ಣು ಮುಚ್ಚಿ ಇಲ್ಲದ ಒಂದು ತಪ್ಪು ಹುಟ್ಟಿಸಿದೆ. ‘ಡಿಪೋ ಗೇಟಿನ ಬೋರ್ಡು ಸೇತುವೆ ನಿಲ್ದಾಣಕ್ಕೆ ನಡೆದರೆ ಹನ್ನೆರಡು ನಿಮಿಷ ಎನ್ನುತ್ತದೆ. ಅದು ತಪ್ಪೆಂದು ಪ್ರಯಾಣಿಕರ ದೂರುಗಳಿವೆ. ಇದು ಸರಿಯಾಗುವವರೆಗೆ ಅಪ್‌ಗ್ರೇಡ್ ಸಾಧ್ಯವಿಲ್ಲ.’ ಪ್ರಯಾಣಿಕರಲ್ಲಿ ಒಬ್ಬ ನರಪಿಳ್ಳೆಯೂ ದೂರು ಕೊಟ್ಟಿರಲಿಲ್ಲ.

ಅವಳು ನಂಬಿದಳು. ರಸ್ತೆ ಅಗೆದಿದ್ದಾರೆಯೇ, ದಾರಿ ಬದಲಾಗಿದೆಯೇ, ದೂರು ಕೊಟ್ಟವರು ಯಾವ ಕಡೆಯಿಂದ ಹೊರಟರು ಎಂದು ಕೇಳಿದಳು. ನಾನು ಬಾಯಿಗೆ ಬಂದ ಸಂಖ್ಯೆಗಳನ್ನು ಬರೆದೆ. ಅವನ್ನು ಹಾಕಿ ಲೆಕ್ಕ ಮಾಡಿ ನೋಡಿದಳಂತೆ, ಒಂದಕ್ಕೊಂದು ತಾಳೆಯಾಗಲಿಲ್ಲ. ಮತ್ತೆ ಕೇಳಿದಳು. ಅತ್ತ ಮ್ಯಾನೇಜರು ಇವತ್ತಾಯಿತೇ ನಾಳೆಯೇ ಎಂದು ಬಾಗಿಲಲ್ಲಿ ನಿಲ್ಲತೊಡಗಿದ್ದರು. ನಾನು ಅವರಿಗೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಸಾಗಹಾಕುತ್ತಿದ್ದೆ.

ಒಂದು ಸಂಜೆ ವೈರ್‌ಮನ್ ನನ್ನ ಹೆಗಲ ಹಿಂದಿನಿಂದ ಪರದೆ ಓದಿದ. ಓದಬಾರದಿತ್ತು, ಓದಿದ.

“ಇದ್ಯಾರು ದೂರು ಕೊಟ್ಟಿದ್ದು? ದಿನಾ ಆ ಬೋರ್ಡಿನ ಬುಡದಲ್ಲೇ ಇರ್ತೀನಿ, ನಾನೇ ಕೇಳಿಲ್ಲ.”

ನಾನು ಪರದೆ ಆರಿಸಿದೆ.

“ತಾಯಿ ಹೇಳಿದಾಳೆ ಅಂತ ಆ ಮಗು ಇಲ್ಲದ್ದನ್ನ ಹುಡುಕ್ತಾ ಕೂತಿದೆ ಮೇಡಂ. ನಿಮ್ಗೆ ಬೇಕಾದ್ದು ಇದಲ್ಲ,” ಎಂದು ಇಕ್ಕಳ ಜೇಬಿಗೆ ತುರುಕಿಕೊಂಡು ಹೋದ. ಸಿಟ್ಟು ಬಂತು. ಮೂಗು ತೂರಿಸುವವರ ಮಾತು ನಿಜವಾಗಿದ್ದರೆ ಸಿಟ್ಟು ಹೆಚ್ಚೇ ಬರುತ್ತದೆ.

ಅವನು ಹೋಗಿ ಸ್ವಲ್ಪ ಹೊತ್ತಿಗೆ ಫೋನು. ಭಾನುವಾರವಲ್ಲ. ಅವಳೇ ಮಾಡಿದ್ದು.

“ಅಮ್ಮ, ಆ ಹನ್ನೆರಡು ನಿಮಿಷ ತಪ್ಪಾಗೋಕೆ ಸಾಧ್ಯವೇ ಇಲ್ಲ.”

“ಯಾಕೆ?”

“ಅದು ನಿನ್ನ ನಡಿಗೆ.”

ನನಗೆ ಅರ್ಥವಾಗಲಿಲ್ಲ. ಮ್ಯಾಪ್ ನೋಡಿ ಹಾಕಿದ್ದಲ್ಲವಾ ಎಂದೆ.

“ಮ್ಯಾಪಲ್ಲಿ ಏರು ಗೊತ್ತಾಗುತ್ತಾ? ಕೆಲಸ ಮುಗ್ಸಿ ಸುಸ್ತಾಗಿರೋರು ಹೇಗೆ ನಡೀತಾರೆ ಅಂತ ಗೊತ್ತಾಗುತ್ತಾ? ಬಸ್ ತಪ್ಪಿಸ್ಕೊಂಡಾಗೆಲ್ಲ ನಾವು ನಡ್ಕೊಂಡು ಹೋಗ್ತಿರ್ಲಿಲ್ವಾ? ನಾನು ಹಿಂದೆ ಉಳ್ಕೋತಿದ್ದೆ, ನೀನು ಕಾಲಿಗೇನು ಸರಪಳಿ ಕಟ್ಟಿದಾರಾ ಅಂತ ಬೈತಿದ್ದೆ. ಗಡಿಯಾರ ನೋಡ್ತಿದ್ದೆ ಅಮ್ಮ. ನಿನ್ನ ಅಳೀತಿದ್ದೆ. ಎಲ್ಲಾ ಬೋರ್ಡಲ್ಲೂ ಇರೋದು ಅದೇ ಲೆಕ್ಕ.”

ಇಷ್ಟು ವರ್ಷ ಊರಿಗೆ ಊರೇ ನನ್ನ ಹೆಜ್ಜೆಯ ಲೆಕ್ಕದಲ್ಲಿ ನಡೆದಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ. ಇನ್ನು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ತಪ್ಪು ಇಲ್ಲ ಕಣೇ. ಯಾರೂ ದೂರು ಕೊಟ್ಟಿಲ್ಲ. ನೀನು ಬರೀತಾ ಇರ್ಲಿ ಅಂತ ನಾನೇ ಹುಟ್ಟಿಸಿದ್ದು. ನಿನ್ನ ಮಾತಿಲ್ದೆ ಇರೋಕೆ ಆಗ್ತಿಲ್ಲ ನಂಗೆ.”

ಆಮೇಲೆ ಶುರುವಾಯಿತು ನೋಡಿ. ಒಂದು ವಾರದಿಂದ ನಿದ್ದೆ ಇಲ್ಲ ನಂಗೆ, ಯಾರೋ ವಯಸ್ಸಾದವರು ನನ್ನ ಬೋರ್ಡು ನಂಬಿ ಬಸ್ ತಪ್ಪಿಸ್ಕೊಂಡ್ರು ಅಂತ ಅಂದ್ಕೊಂಡೆ, ಇವತ್ತು ಅದೇ ಯೋಚನೇಲಿ ಒಂದು ಕುರ್ಚಿ ಕಾಲು ಗಿಡ್ಡ ಕೊಯ್ದೆ, ಮೇಸ್ತ್ರಿ ಹತ್ರ ಉಗಿಸ್ಕೊಂಡೆ, ನಿಂಗೆ ಮಾತಾಡ್ಬೇಕಿದ್ರೆ ಮಾತಾಡು, ಅದಕ್ಕೆ ಲಿನಕ್ಸ್ ಯಾಕೆ ಬೇಕು, ಮಾನ್ಯರೇ ಅಂತೆ ಮಾನ್ಯರೇ! ಪೂರ್ಣವಿರಾಮವೇ ಇಲ್ಲದ ಬೈಗುಳ. ನನಗೆ ಹಾಲು ಕುಡಿದಷ್ಟು ಸಂತೋಷ.

“ನಗ್ತಿದ್ಯಾ?”

“ಇಲ್ಲ.”

“ಅಳ್ತಿದ್ಯಾ?”

“ನೀನು ಬೈಯೇ, ನಿಲ್ಲಿಸ್ಬೇಡ.”

ಅವಳಿಗೂ ಉಸಿರು ಸಾಲದಾಗಿರಬೇಕು. “ಆ ಬಗ್ ಕ್ಲೋಸ್ ಮಾಡು. ನಾಳೆ ಅಪ್‌ಗ್ರೇಡ್ ಮುಗ್ಸು,” ಎಂದಳು. ಮಾಡುತ್ತೇನೆ ಎಂದೆ. ಫೋನ್ ಇಡುತ್ತಾಳೆ ಎಂದುಕೊಂಡೆ, ಇಡಲಿಲ್ಲ.

“ಅಮ್ಮ, ನಿಂಗೆ ಈಗ್ಲೂ ಹನ್ನೆರಡೇನಾ?”

“ನಾನೆಲ್ಲಿ ನಡೀತೀನಿ ಈಗ? ಒಬ್ಳೇ ಯಾಕೆ ನಡೀಲಿ ಅಂತ ಏಳರ ಬಸ್ ಹಿಡೀತೀನಿ.”

“ಈಗ ನಡಿ. ಫೋನ್ ಕಿವೀಲೇ ಇರ್ಲಿ. ನಾನು ಗಡಿಯಾರ ನೋಡ್ತೀನಿ.”

ಕೋಣೆಗೆ ಬೀಗ ಹಾಕಿ ಗೇಟಿಗೆ ಬಂದೆ. ಹೊತ್ತು ಮುಳುಗುತ್ತಿತ್ತು. ಸರಿ, ಶುರು, ಎಂದಳು. ಸೈಕಲ್ ರಿಪೇರಿಯ ಅಂಗಡಿ, ಔಷಧದಂಗಡಿ, ಇಸ್ತ್ರಿ ಮಾಡುವವರ ಕಿಟಕಿಯಿಂದ ಬರುವ ಬಿಸಿ ಗಾಳಿ, ಶಾಲೆಯ ಉದ್ದ ಗೋಡೆ. ನಿಧಾನ ನಡೆದಷ್ಟೂ ಮಾತು ಹೆಚ್ಚು ಸಿಗುತ್ತದೆ ಎಂಬ ಆಸೆ ನನಗೆ ಬಾರದೆ ಇರಲಿಲ್ಲ.

“ಬೇಕಂತ ನಿಧಾನ ಮಾಡ್ಬೇಡ. ಸುಳ್ಳು ಅಳತೆ ಕೊಟ್ರೆ ನಂಗೆ ಗೊತ್ತಾಗುತ್ತೆ.”

“ಇಲ್ವೇ ಮಾರಾಯ್ತಿ,” ಎಂದು ನಿಜವಾದ ನಡಿಗೆಯಲ್ಲೇ ನಡೆದೆ. ಅವಳು ಕೋಣೆಯ ವಿಷಯ ಹೇಳಿದಳು. ಕಿಟಕಿ ಇದೆಯಂತೆ, ಎದುರಿಗೆ ಗೋಡೆಯಂತೆ. ಮೇಸ್ತ್ರಿ ಮೂಗಿನ ಮೇಲೆ ಕೋಪದವರು, ಆದರೆ ಉಳಿ ಹಿಡಿಯುವುದನ್ನು ಕೈ ಹಿಡಿದು ಕಲಿಸಿದರಂತೆ. ಓದು ಬಿಟ್ಟದ್ದನ್ನು ನನಗೆ ಹೇಳಲು ಎಷ್ಟೋ ಸಲ ಬಾಯಿ ತೆರೆದು, ನಾನು ಏನೆನ್ನುತ್ತೇನೋ ಎಂದು ‘ಮತ್ತೇನಿಲ್ಲ’ ಅಂದಳಂತೆ. ಶಾಲೆಯ ಗೋಡೆ ಮುಗಿದು ಏರು ಶುರುವಾಯಿತು. ಮೊಣಕಾಲು ಹಿಡಿದುಕೊಂಡಿತು. ಪಕ್ಕದ ಕಂಬಿ ಹಿಡಿದು ನಿಂತೆ, ಉಸಿರು ತಿರುಗಿಸಿಕೊಂಡೆ, ಮತ್ತೆ ಹೊರಟೆ, ಮತ್ತೆ ನಿಂತೆ. ಅವಳು ಹೇಳುತ್ತಿದ್ದದ್ದನ್ನು ನಡುವೆಯೇ ನಿಲ್ಲಿಸಿದಳು.

“ಬಂದ್ಯಾ?”

“ಇನ್ನೂ ಇಲ್ಲ.”

“ಹನ್ನೆರಡು ಆಯ್ತಮ್ಮ.”

ತಲೆ ಎತ್ತಿ ನೋಡಿದೆ. ಸೇತುವೆಯ ದೀಪಗಳು ಇನ್ನೂ ಮೇಲೆ, ದೂರದಲ್ಲಿದ್ದವು. “ಇನ್ನೂ ಇಲ್ಲ ಕಣೇ,” ಎಂದೆ. ಆಮೇಲೆ ಅವಳು ನನ್ನ ಉಸಿರನ್ನೇ ಕೇಳುತ್ತಿದ್ದಳು. ಕೊನೆಗೆ ನಿಲ್ದಾಣ ಮುಟ್ಟಿದೆ.

“ಬಂದೆ. ಎಷ್ಟಾಯ್ತು?”

ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

“ಅಲ್ಲಿ ಕೂತ್ಕೊಳ್ಳೋಕೆ ಏನಾದ್ರೂ ಇದ್ಯಾ ಅಮ್ಮ?”

“ಒಂದು ಬೆಂಚಿದೆ.”

“ಕೂತ್ಕೋ.”

ಕೂತೆ. ಬಸ್ಸೊಂದು ಬಂದು ಬಾಗಿಲು ತೆರೆಯಿತು. ನಾನು ಏಳಲಿಲ್ಲ, ಅದು ಹೋಯಿತು.

“ಆ ಬಗ್ ಕ್ಲೋಸ್ ಮಾಡ್ಬೇಡ,” ಎಂದಳು ಮಗಳು. “ತಪ್ಪು ಇದೆ.”